ಮಡೆಪ್ಪನ ಅಂಗೈ ಗಾಯ

ಸಖುಬಾಯಿ: ಅಂಗೈ ಚಾಚ್ರಿ ಅಂದ್ರ ಚಾಚ್ರಿ! ಸುಟ್ಟ ಗಾಯಕ್ಕ ಮೊದ್ಲ ತಣ್ಣೀರು ಬೀಳಬೇಕು.

ಮಡೆಪ್ಪ: ಏಯ್, ನೀರು ಮುಟ್ಟಿಸಿದ್ರ ನೋಡು! ಮಂಗಳವಾರದ ತನಕ ಇದು ಹೀಂಗೇ ಇರಬೇಕು.

ನಿಜಾಮನ ಆಳ್ವಿಕೆ ಮುಗಿದು ಆಗಿನ್ನೂ ಕೆಲವೇ ವಾರ. ರಜಾಕಾರರನ್ನು ಎದುರಿಸಿ ಗಾಯಗೊಂಡವರಿಗೆ ಮಂಗಳವಾರ ಔರಾದಿನಲ್ಲಿ ಹಾರ ಹಾಕುತ್ತಾರೆಂದು ಅವರ ಊರು ಡಾಬಕಾದಲ್ಲಿ ಡಂಗುರ ಸಾರಿದ್ದರು. ಕುರಿ ಕಾಯುವ ಮಡೆಪ್ಪನಿಗೆ ಹುಟ್ಟಿದಾಗಿನಿಂದ ಯಾರೂ ಹಾರ ಹಾಕಿರಲಿಲ್ಲ. ಮದುವೆಯಲ್ಲಿ ಹೆಂಡತಿ ಸಖುಬಾಯಿ ಹಾಕಿದ್ದನ್ನು ಪಾಪ, ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಖುಬಾಯಿ: ಇಷ್ಟು ಮಸಿ ಯಾಕ ಬಳ್ಕೊಂಡೀರಿ?

ಮಡೆಪ್ಪ: ಮಸಿ ಅಲ್ಲ, ಬಂದೂಕಿನ ಮದ್ದು! ರಜಾಕಾರ ಗುಂಡು ಹಾರಿಸ್ದಾ. ನಾ ಕಾದ ನಳಗಿ ಗಪ್ಪನ ಹಿಡದು ಕಸಗೊಂಡೆ.

ಸಖುಬಾಯಿ: ಅವರು ಊರು ಬಿಟ್ಟು ಓಡಿ ಎಷ್ಟು ದಿನಾ ಆಯ್ತು? ಬೊಬ್ಬಿ ಈಗ ಏಳ್ಲಿಕತ್ತಾವ!

ಮಡೆಪ್ಪ: ನನ್ನ ಚರ್ಮ ದಪ್ಪ. ತಡಾ ಆಗ್ತದ.

ಸಖುಬಾಯಿ: ಮುಂಜಾನಿ ಇದೇ ಕೈಲೆ ರೊಟ್ಟಿ ಮುರದು ತಿಂದೀರಲ್ಲ?

ಮಡೆಪ್ಪ: ನೋವು ನುಂಗಿ ತಿಂದೆ!

ಅಷ್ಟಕ್ಕೆ ಬಿಡದೆ, ಗಾಯ ದೊಡ್ಡದಾಗಿ ಕಾಣಲಿ ಎಂದು ಜಾಲಿಮುಳ್ಳಿನಿಂದ ಬೊಬ್ಬೆ ಒಡೆಯಲು ಹೊರಟ.

ಸಖುಬಾಯಿ: ಅಯ್ಯ! ಒಡದ್ರ ಕೀವು ಆಗ್ತದ್ರೀ!

ಮುಳ್ಳು ಕಸಿದು, ಕೈ ಹಿಡಿದು, ಒಂದು ಕೊಡ ನೀರನ್ನೂ ಸುರಿದೇ ಬಿಟ್ಟಳು. ಮಸಿ ಹೋಯಿತು. ಅಂಗೈ ಮೇಲೆ ಕೆಂಪು ಸುರುಳಿ ಗೆರೆಗಳು ಕಂಡವು. ಸಖುಬಾಯಿ ಒಳಗೆ ಹೋಗಿ ಹುಗ್ಗಿಯ ಗಡಿಗೆಯಲ್ಲಿದ್ದ ಕಬ್ಬಿಣದ ಸೌಟು ತಂದಳು. ಕಂಬಾರ ತಿರುಚಿ ಮಾಡಿದ ಅದರ ಹಿಡಿಯನ್ನು ಅಂಗೈ ಪಕ್ಕ ಹಿಡಿದಳು. ಗೆರೆಗೆ ಗೆರೆ ಕೂಡಿತು.

ಸಖುಬಾಯಿ: ರಜಾಕಾರನ ಬಂದೂಕಿಗೂ ನಮ್ಮ ಕಂಬಾರನೇ ಹಿಡಿ ಮಾಡಿದ್ನೇನ್ರಿ?

ಮಡೆಪ್ಪ: ಒಂದೇ ಸೌಟು ತಿಂದೆ...

ಸಖುಬಾಯಿ: ನೈವೇದ್ಯಕ್ಕಿಂತ ಮೊದ್ಲ! ಆ ಹುಗ್ಗಿ ಯಾತರ ಹರಕಿದು ಗೊತ್ತದ? ಮಿಲಿಟ್ರಿ ಮೋಟಾರ ಸಪ್ಪಳಕ್ಕ ನೀವು ಜ್ವಾಳದ ಹೊಲದಾಗ ಅಡಗಿದ್ರಲ್ಲ, ಆವತ್ತ ಹೊತ್ತಿದ್ದೆ. "ಮಲ್ಲಣ್ಣ ದೇವ್ರೇ, ನನ್ನ ಗಂಡನ ಮೈಗಿ ಒಂದು ಗಾಯಾನೂ ಆಗದಂಗ ಮನಿಗಿ ಕಳಸು" ಅಂತ!

ಅವಳ ಕಣ್ಣು ತುಂಬಿತು. ಮಡೆಪ್ಪನಿಗೆ ನಾಚಿಕೆಯಾಯಿತು, ತಲೆ ತಗ್ಗಿಸಿದ. ಅವಳು ಬೈಯುತ್ತಲೇ ಒಗೆದ ಅರಿವೆಯನ್ನು ಸಡಿಲಾಗಿ ಸುತ್ತಿದಳು. ಅಷ್ಟರಲ್ಲಿ ಮಂಗಳವಾರದ ಹಾರಕ್ಕೆ ಗಾಯವಾದವರನ್ನು ವಿಚಾರಿಸುತ್ತ ಓಣಿಯ ಹುಡುಗ ಪಂಢರಿ ಬಾಗಿಲಿಗೆ ಬಂದ.

ಪಂಢರಿ: ಕಾಕು, ಕಾಕಾಗ ಬಂದೂಕಿಂದ ಗಾಯ ಆಗ್ಯಾದಂತ, ಖರೇ ಏನ್ರಿ?

ಮಡೆಪ್ಪ ಹೆಂಡತಿಯ ಮುಖ ನೋಡಿದ. ಅವಳು ಸೌಟು ಎತ್ತಿಕೊಂಡಳು.

ಸಖುಬಾಯಿ: ಖರೇ ಅದ ತಮ್ಮಾ. ಇಕಾ, ಆ ಬಂದೂಕಾ ನನ್ನ ಕೈಯಾಗೇ ಅದ. ಕೂಡು, ನೈವೇದ್ಯ ಆಗ್ಲಿ, ನಿನಗೂ ಬಡಸ್ತೇನಿ!