ಕಡಿಮೆ ತಿನ್ನುವ ಛೋಟ್ಯಾ

ಹುಮನಾಬಾದಿನಲ್ಲಿ ಹಂದಿ ಸಾಕಣೆಯ ತರಬೇತಿ ಮುಗಿಸಿ ಬಸವಕಲ್ಯಾಣದ ಬಸ್ಸು ಹತ್ತಿದಾಗ ನನ್ನ ತಲೆ ತುಸು ಭಾರವಾಗಿತ್ತು. ಜ್ಞಾನ ತುಂಬಿತ್ತಲ್ಲ! ತರಬೇತಿ ಕೊಟ್ಟ ದನದ ಡಾಕ್ಟರು ಹೇಳಿದ್ದು ಇಷ್ಟೇ: ಒಂದೇ ತಾಯಿಯ ಮರಿಗಳಲ್ಲೂ ಒಂದು ಕಡಿಮೆ ತಿಂದು ಚೆನ್ನಾಗಿ ಮೈ ತುಂಬಿಕೊಳ್ಳುತ್ತದೆ, ಇನ್ನೊಂದಕ್ಕೆ ಎಷ್ಟು ಹಾಕಿದರೂ ಸಾಲದು. ಆ ಗುಣ ವಂಶವಾಹಿಯಲ್ಲಿರುತ್ತದೆ, ಹುಟ್ಟುವ ಮರಿಗಳಿಗೂ ಬರುತ್ತದೆ. ಬೀಜಕ್ಕೆ ಅಂಥದ್ದನ್ನೇ ಉಳಿಸಿಕೊಳ್ಳಬೇಕು.

ಮೋರಖಂಡಿಯ ನಮ್ಮ ಮನೆಯಲ್ಲಿ ಒಂದೇ ಸೂಲಿನ ಎರಡು ಗಂಡು ಮರಿಗಳಿದ್ದವು, ಮೋತ್ಯಾ ಮತ್ತು ಛೋಟ್ಯಾ. ಎರಡನ್ನೂ ಇಟ್ಟುಕೊಳ್ಳುವ ತಾಕತ್ತು ನನಗಿರಲಿಲ್ಲ. ನಮ್ಮ ಮುಂದಿನ ಹಂದಿಗಳೆಲ್ಲ ಹೇಗಿರಬೇಕೆಂಬುದು ಈ ಒಂದು ಆಯ್ಕೆಯ ಮೇಲೆ ನಿಂತಿತ್ತು. ಬೇರೆ ಬೇರೆ ಗೂಡು ಕಟ್ಟಿ, ಇಬ್ಬರಿಗೂ ಒಂದೇ ಅಳತೆ ಹಾಕಿ, ಆಗಾಗ ತೂಗತೊಡಗಿದೆ. ತೂಗುವಾಗ ನನ್ನ ಪ್ಯಾಂಟು ಹರಿದದ್ದು ವಿಜ್ಞಾನಕ್ಕೆ ಸಂಬಂಧಿಸಿದ ಮಾತಲ್ಲ.

ಮೋತ್ಯಾ ಬಕೆಟ್ ನೆಕ್ಕಿ ಮಲಗುತ್ತಿದ್ದ. ಛೋಟ್ಯಾ ಅರ್ಧ ತಿಂದು ಮುಖ ತಿರುಗಿಸುತ್ತಿದ್ದ. ಆದರೂ ತೂಕದಲ್ಲಿ ಇಬ್ಬರೂ ಸರಿಸಮ!

“ಮೋತ್ಯಾನ್ನ ಮಾರ್ತೀನಿ,” ಎಂದು ಘೋಷಿಸಿದೆ.

“ಯಾಕ್ರಿ? ಛಲೋ ಅದಾನಲ್ಲ,” ಎಂದಳು ಹೆಂಡತಿ.

“ಇದು ವಿಜ್ಞಾನ. ನಿನಗ ತಿಳಿಯಂಗಿಲ್ಲ, ಸುಮ್ಕಿರು.”

ಮಂಠಾಳದ ಶಿವಪ್ಪ ಬಂದು ಮೋತ್ಯಾನನ್ನು ಕೊಂಡುಹೋದ. “ಬಾಳ ತಿಂತಾನ, ಆಮ್ಯಾಲ ನನಗ ಅನಬ್ಯಾಡ್ರಿ,” ಎಂದು ಮೊದಲೇ ಹೇಳಿ ಕಳಿಸಿದೆ. ನಾನು ಪ್ರಾಮಾಣಿಕ ಮನುಷ್ಯ.

ಕೆಲವು ತಿಂಗಳು ಕಳೆದು ಛೋಟ್ಯಾ ಬಲಿತ ಮೇಲೆ ಅವನನ್ನು ತೋರಿಸಲು ಡಾಕ್ಟರನ್ನೇ ಕರೆಸಿದೆ. ಬಕೆಟ್ ಇಟ್ಟೆ. ಛೋಟ್ಯಾ ಮೂಸಿ ನೋಡಿ ಹಿಂದೆ ಸರಿದ.

“ನೋಡ್ರಿ ಸರ್, ಏನು ಸಂಯಮ!”

“ಹೊಟ್ಟಿ ತುಂಬೇದ ಅನಸ್ತದಲ್ರಿ,” ಎಂದರು ಡಾಕ್ಟರು.

ಅಷ್ಟರಲ್ಲಿ ಅವ್ವ ಸೆರಗಿನ ಮರೆಯಲ್ಲಿ ಏನೋ ಹಿಡಿದು ಬಂದಳು. ಛೋಟ್ಯಾ ಗೂಡಿನ ಬಾಗಿಲನ್ನೇ ಕಿತ್ತುಕೊಂಡು ಅವಳತ್ತ ಓಡಿದ. ಸೆರಗಿನಡಿ ಜೋಳದ ರೊಟ್ಟಿ!

“ಅವ್ವಾ, ಏನ್ ಮಾಡಾಕತ್ತಿ?”

“ನೀ ಅಳದು ಅಳದು ಹಾಕ್ತಿ. ಕೂಸು ಉಣ್ಣದ ಅರ್ಧಾ ಬಿಡ್ತದ. ನೋಡ್ಕೋತ ಹ್ಯಾಂಗ ಕೂಡ್ಲಿ? ದಿನಾ ಹಾಕ್ತೀನಿ.”

“ಅಯ್ಯ ಅತ್ತಿ, ನೀವೂ ಹಾಕ್ತಿದ್ರಿ?” ಎಂದಳು ಹೆಂಡತಿ. “ನಾ ಸಂಜಿಕ ಅನ್ನ ಸಾರು ಹಾಕ್ತಿದ್ದೆ!”

“ಮತ್ತ ಮೋತ್ಯಾಗ?” ಎಂದೆ.

“ಅವ ತನ್ನ ಪಾಲು ತಿಂದು ಸುಮ್ಮನ ಮಕ್ಕೋತಿದ್ದ. ಅವಗ್ಯಾಕ ಹಾಕೋದು?” ಎಂದಳು ಅವ್ವ.

ಡಾಕ್ಟರು ಕನ್ನಡಕ ಒರೆಸಿಕೊಂಡರು. “ಅಂದ್ರ ಕಡಿಮಿ ತಿಂದು ಬೆಳದಾಂವ ಮೋತ್ಯಾ. ಎಲ್ಲಿ ಅದಾನ್ರಿ ಅವ?”

ಮಂಠಾಳಕ್ಕೆ ಓಡಿದೆ. ಮೋತ್ಯಾನನ್ನು ವಾಪಸ್ ಕೊಡೆಂದು ಕೈಮುಗಿದೆ.

ಶಿವಪ್ಪ ನಕ್ಕುಬಿಟ್ಟ. “ಮೋತ್ಯಾನ್ನ ಕೊಡಂಗಿಲ್ರಿ. ಇಷ್ಟೇ ಇಷ್ಟ ತಿಂದು ಹ್ಯಾಂಗ ಆಗ್ಯಾನ ನೋಡ್ರಿ! ಮಂದಿ ತಮ್ಮ ಹೆಣ್ಣು ಹಂದಿ ತರಾಕತ್ತಾರ. ನೀವೂ ತರ್ರಿ, ಪಾಳಿ ಹಚ್ರಿ.”

ಹೊರಗಿನಿಂದ ತಂದಿದ್ದ ನಮ್ಮ ಹೆಣ್ಣು ಹಂದಿಯನ್ನು ಆಟೋದಲ್ಲಿ ಹೇರಿಕೊಂಡು ಹೋಗಿ, ಶಿವಪ್ಪನ ಅಂಗಳದಲ್ಲಿ ಪಾಳಿಗೆ ನಿಂತೆ. ಮುಂದಿದ್ದವನು ತಿರುಗಿ ಕೇಳಿದ, “ಇಂಥಾ ಹಂದಿ ಯಾರು ಮಾರ್ಯಾರ್ರಿ ಶಿವಪ್ಪಗ?”

“ಮೋರಖಂಡ್ಯಾಗ ಯಾವನೋ ಒಬ್ಬ ಹುಚ್ಚ ಅದಾನಂತ್ರಿ,” ಎಂದೆ.