ಮೂರನೆಯ ಖಳನ ಹಲ್ಲಿನ ಸೆಟ್ಟು

ಈ ಜಗತ್ತಿನಲ್ಲಿ ಯಾರು ಬೇಕಾದರೂ ಸುಳ್ಳು ಹೇಳಬಹುದು, ಹಲ್ಲು ಮಾತ್ರ ಹೇಳುವುದಿಲ್ಲ. ಆದ್ದರಿಂದ ಆ ಮೂರನೆಯ ಖಳ ಯಾರೆಂದು ಲೋಕಕ್ಕೆ ಸಾರತಕ್ಕವನು ತಾನೇ! ಹೀಗೆಂದು ದಂತಬ್ರಹ್ಮ ಒಂದು ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಶಪಥ ಮಾಡಿದ. ಬಾಯಿ ತುಂಬ ನೊರೆ ಇದ್ದದ್ದರಿಂದ ಶಪಥ ಯಾರಿಗೂ ಕೇಳಿಸಲಿಲ್ಲ. ಕೇಳಿಸಿ ಯಾರಾದರೂ ಆಗಲೇ ನಾಲ್ಕು ಬೈದಿದ್ದರೆ ಮುಂದಿನ ಪಾಡು ತಪ್ಪುತ್ತಿತ್ತು.

ದಂತಬ್ರಹ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಒಂದು ಲ್ಯಾಬಿನಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಬೆನ್ನು ಬಗ್ಗಿಸಿ ಕೂತಿದ್ದ. ಮೇಣದಲ್ಲಿ ಹಲ್ಲು ಕೂರಿಸಿ ಕೂರಿಸಿ ಸಾಕಾಗಿ, ಎದುರು ಬಂದವರ ಮುಖ ಮರೆತರೂ ಬಾಯಿ ಮರೆಯದ ಸ್ಥಿತಿಗೆ ತಲುಪಿದ್ದ. ಬಿರುದು ಕೊಟ್ಟದ್ದು ಅವನ ಫೋನಿನೊಳಗಿನ ಅಭಿಮಾನಿ ಬಳಗ. ಮೂರು ವರ್ಷದ ಹಿಂದೆ ಒಂದು ಮಾಂತ್ರಿಕ ಲೋಕದ ಸಿನಿಮಾ ಬಂದಿತ್ತು. ಮೂರೂವರೆ ಗಂಟೆ ಕತ್ತಿ, ಕೋಟೆ, ಬೆಂಕಿಯುಗುಳುವ ಪಕ್ಷಿ. ಕೊನೆಗೆ ಬೂದಿದೊರೆ ಎಂಬ ಖಳನ ಸಾವು. ಖಳ ಸತ್ತು ಮೂರು ವರ್ಷವಾದರೂ ಬಳಗದ ನಾಲ್ಕು ಸಾವಿರ ಜನ ಅವನ ಉತ್ತರಕ್ರಿಯೆ ಮುಗಿಸಿರಲಿಲ್ಲ. ಅಷ್ಟರಲ್ಲಿ, ಆಗ ಕತ್ತರಿಸಿ ಬಿಸಾಕಿದ್ದ ಮೂವತ್ತೆಂಟು ನಿಮಿಷ ಸೇರಿಸಿ ಅದೇ ಸಿನಿಮಾದ ಎಕ್ಸ್‌ಟೆಂಡೆಡ್ ಕಟ್ ಬರುತ್ತದೆಂಬ ಸುದ್ದಿ! ಅದರ ಟ್ರೇಲರಿನಲ್ಲಿ ಬೂದಿದೊರೆಯ ಸಿಂಹಾಸನದ ಹಿಂದೆ, ಸರಿಯಾಗಿ ಎರಡೇ ಸೆಕೆಂಡು, ಮುಸುಕು ಹಾಕಿದ ಮೂವರು ನಿಂತಿದ್ದರು.

ಅಷ್ಟೇ ಸಾಕಾಯಿತು. ಅವರು ಬೂದಿದೊರೆಗಿಂತ ದೊಡ್ಡ ಖಳರು ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾರು ಎನ್ನುವುದೇ ಜಗಳ. ಒಬ್ಬ ದೊರೆಯ ಅವಳಿ ತಮ್ಮ ಎಂದ. ಇನ್ನೊಬ್ಬ ಅರ್ಧದಲ್ಲೇ ಸತ್ತ ಕುದುರೆವೈದ್ಯ ಎಂದ. ಒಬ್ಬಾಕೆ ಮೂವರೂ ಒಬ್ಬನೇ ಎಂದು ಹನ್ನೊಂದು ಪುಟ ಬರೆದಳು. ಮೂರನೆಯವರ ಮುಸುಕಿನ ಕೆಳಗೆ ಬಾಯಿ ಕಾಣುತ್ತಿತ್ತು. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿದ್ದವು, ಎಡಗಡೆಯ ಕೋರೆಹಲ್ಲು ಅಕ್ಕಿಕಾಳಿನಷ್ಟು ಉದ್ದ ಹೆಚ್ಚಿತ್ತು. ದಂತಬ್ರಹ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿದ, ಕಣ್ಣು ಉಜ್ಜಿಕೊಂಡ, ಘೋಷಿಸಿದ: "ಇದು ರಾಜಮಾತೆಯ ದವಡೆ! ಶುಕ್ರವಾರ ಮಾದರಿ ಮಾಡಿಯೇ ತೋರಿಸ್ತೀನಿ." ಸಿನಿಮಾದುದ್ದಕ್ಕೂ ಗಾಯಾಳುಗಳಿಗೆ ನೀರು ಕುಡಿಸಿದ ಆ ಸಾಧ್ವಿಯ ಮೇಲೆ ಇಂಥ ಆರೋಪ! ಬಳಗ ಹೌಹಾರಿತು.

ಶುಕ್ರವಾರ ಎಂಬ ಮಾತನ್ನು ಅವನು ಮನೆಯಲ್ಲೂ ಒಬ್ಬರಿಗೆ ಕೊಟ್ಟು ಕೂತಿದ್ದ. ಅವನ ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಅವರ ಕೊನೆಯ ನಾಲ್ಕು ಹಲ್ಲುಗಳನ್ನು ಡಾಕ್ಟರು ಕಿತ್ತು ತಿಂಗಳುಗಳೇ ಆಗಿದ್ದವು. ಒಸಡಿನ ಗಾಯ ಒಣಗಿ ಅಳತೆ ತೆಗೆದು ಎರಡು ವಾರ. ಹಲ್ಲು ಹೋದಂದಿನಿಂದ ಅವರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿಯದೆ ಕೋಣೆಯಿಂದ ಹೊರಗೆ ಬಂದವರಲ್ಲ, ಬಾಗಿಲಿಗೆ ಬಂದ ಪಕ್ಕದ ಮನೆಯವರ ಜೊತೆಗೂ ಮಾತಾಡಿದವರಲ್ಲ. ಶನಿವಾರ ಹಳೆಯ ಆಪರೇಟರುಗಳೆಲ್ಲ ಹನ್ನೆರಡು ವರ್ಷದ ಮೇಲೆ ಮೊದಲ ಸಲ ಸೇರುವವರಿದ್ದರು. ಅತ್ತೆ ಎರಡು ಮಾತಾಡಬೇಕೆಂದು ಪತ್ರ ಬಂದಿತ್ತು.

ಅವನ ಹೆಂಡತಿಗೆ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೌಂಟರಿನಲ್ಲಿ ಕೆಲಸ. ದಿನಕ್ಕೆ ಮುನ್ನೂರು ಜನಕ್ಕೆ ಅದದೇ ಏಳು ಪ್ರಶ್ನೆ ಕೇಳಿ ಬಂದವಳಿಗೆ ಮನೆಯಲ್ಲಿ ಉದ್ದ ಮಾತಿಗೆ ತ್ರಾಣವಿರುತ್ತಿರಲಿಲ್ಲ.

"ಅಮ್ಮನ ಹಲ್ಲು ಎಲ್ಲಿಗೆ ಬಂತು?"

"ಬರ್ತಾ ಇದೆ."

"ಯಾವಾಗ ಬರತ್ತೆ?"

"ಶುಕ್ರವಾರ."

"ಆ ಸಿನಿಮಾದವರ ಹಲ್ಲು?"

"ಅದೂ ಶುಕ್ರವಾರವೇ ಕಣೇ. ಕೈ ಒಂದೇ, ಕೆಲಸ ಎರಡು!"

"ನಿಮ್ಮ ಕೈಗೆ ಒಂದು ಕೆಲಸಾನೇ ಭಾರ ರೀ," ಎಂದು ಅವಳು ಚಪ್ಪಲಿ ಕಳಚಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಕೋಣೆಯಿಂದ ಕರವಸ್ತ್ರದ ಹಿಂದಿನ ದನಿ ಬಂತು: "ಅವಸರ ಇಲ್ಲ ಅಳಿಯಂದ್ರೇ. ಆಗದಿದ್ರೆ ನಾನು ಹೋಗಲ್ಲ, ಅಷ್ಟೇ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ 'ಅಷ್ಟೇ' ಎದೆಗೆ ಚುಚ್ಚಿತು. ಶುಕ್ರವಾರ ತಪ್ಪಿದರೆ ತಾನು ಮನುಷ್ಯನೇ ಅಲ್ಲ ಎಂದು ಅವನು ಇನ್ನೊಂದು ಶಪಥ ಮಾಡಿದ. ಒಂದೇ ವಾರದಲ್ಲಿ ಎರಡು ಶಪಥ!

ಇಲ್ಲಿ ಅವನ ವೃತ್ತಿಬುದ್ಧಿ ಕೈಕೊಟ್ಟಿತು. ಮೇಣದಲ್ಲಿ ಹಲ್ಲು ಕೂರಿಸಲು ಮೊದಲು ಪ್ಲಾಸ್ಟರಿನ ದವಡೆ ಬೇಕು. ರಾಜಮಾತೆ ಬಂದು ಬಾಯಿ ತೆರೆದು ಅಳತೆ ಕೊಡುವಂತಿರಲಿಲ್ಲ. ಕೈಗೆ ಸಿಕ್ಕಿದ್ದು ಅತ್ತೆಯ ಅಳತೆ. ಅದಕ್ಕೇ ಎರಡು ಸಲ ಪ್ಲಾಸ್ಟರು ಸುರಿದ. ಎರಡು ಅತ್ತೆದವಡೆ ತಯಾರು. ಒಂದರ ಮೇಲೆ ಮುತ್ತು ಪೋಣಿಸಿದ ಹಾಗೆ ಸೌಮ್ಯವಾದ ಸಾಲು. ಇನ್ನೊಂದರ ಮೇಲೆ ಹತ್ತಿದ ಹಲ್ಲು, ಉದ್ದ ಕೋರೆ, ಸಾಮ್ರಾಜ್ಯ ನುಂಗುವ ನಗು. ನಾಲ್ಕು ದಿನ ಮಧ್ಯಾಹ್ನದ ಊಟದ ಬಿಡುವನ್ನೂ ಬಿಟ್ಟು ದುಡಿದದ್ದಕ್ಕೆ ಗುರುವಾರದ ಹೊತ್ತಿಗೆ ಅವನ ಕಣ್ಣೆದುರು ಬರೀ ಕೋರೆಗಳೇ ಕುಣಿಯುತ್ತಿದ್ದವು.

ಮೇಣದ ಕೆಲಸ ಮುಗಿಯಿತು. ಇನ್ನು ಗಟ್ಟಿಹಲ್ಲು ಮಾಡಿ ಪಾಲಿಶ್ ಹಾಕುವುದು ಮೇಜಿನ ಆಚೆ ಬದಿ ಕೂರುವ ಸಹೋದ್ಯೋಗಿಯ ಪಾಲು. ಮಿತಭಾಷಿ, ಸೌಜನ್ಯವಂತ. ದಂತಬ್ರಹ್ಮ ಆಕಳಿಸುತ್ತಾ ಹೇಳಿದ: "ಬಲಗಡೆ ಇರೋದು ನಮ್ಮ ಅತ್ತೇದು, ಸೆಟ್ ಮಾಡಿಡು. ಎಡಗಡೆಯದರ ಒಂದು ಫೋಟೋ ತೆಗೆದು ನನಗೆ ಕಳ್ಸು."

ಎದುರಾಬದುರು ಕೂತವರಿಗೆ ಒಬ್ಬನ ಬಲ ಇನ್ನೊಬ್ಬನ ಎಡ ಎಂಬುದು ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ! ಸಹೋದ್ಯೋಗಿ ತನ್ನ ಬಲಗಡೆಯದನ್ನು ಎತ್ತಿಕೊಂಡ. ಬಹಳ ಹೊತ್ತು ನೋಡಿದ.

"ಇದು ನಿಮ್ಮ ಅತ್ತೇದಾ?"

"ಹೌದು. ಹೇಗಿದೆ?"

ಸಹೋದ್ಯೋಗಿ ಎದ್ದು ಬಂದು ಅವನ ಕೈ ಹಿಡಿದು ಮೆಲ್ಲಗೆ ಅದುಮಿದ. "ಒಂದೇ ಮನೇಲಿ ಇದೀರಲ್ವಾ?" ಎಂದ. ದಂತಬ್ರಹ್ಮ ಅದನ್ನು ಮೆಚ್ಚುಗೆ ಎಂದುಕೊಂಡ.

ಶುಕ್ರವಾರ ಸಂಜೆ ಮುಚ್ಚಿದ ಡಬ್ಬಿ ಕೈಗೆ ಬಂತು. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಬಗಲಲ್ಲಿ ಡಬ್ಬಿ. ಉಳಿದ ಹೆಬ್ಬೆರಳಿನಿಂದ ಫೋಟೋವನ್ನು ತೆರೆದೂ ನೋಡದೆ ಬಳಗಕ್ಕೆ ದಾಟಿಸಿದ. ಮನೆಯಲ್ಲಿ ಡಬ್ಬಿಯನ್ನು ಅತ್ತೆಯ ಕೈಗಿಟ್ಟ. "ನಾಳೆ ಬೆಳಿಗ್ಗೆ ಮುಖ ತೊಳೆದು ಹಾಕ್ಕೋತೀನಿ," ಎನ್ನುವಾಗ ಅವರ ಕಣ್ಣು ತುಂಬಿತ್ತು. ಎರಡು ಶಪಥವೂ ನೆರವೇರಿದ ಮಹಾಪುರುಷ ಬಟ್ಟೆ ಕೂಡ ಬದಲಿಸದೆ ಬಿದ್ದುಕೊಂಡ.

ಶನಿವಾರ ಬೆಳಿಗ್ಗೆ ಎದ್ದು ಫೋನು ನೋಡಿದರೆ ಒಂಬೈನೂರು ಉತ್ತರ! "ಎಷ್ಟು ಶಾಂತವಾದ ಸಾಲು! ಇಂಥ ಹಲ್ಲಿನವರನ್ನೇ ನಂಬಬಾರದು." "ಮಗುವಿನ ಹಾಗೆ ನಗ್ತಾ ಕೋಟೆ ಸುಟ್ಟವಳು!" "ಈ ಸೌಮ್ಯತೆ ನೋಡಿ ನನಗೆ ಜ್ವರ ಬಂತು." ರಾಜಮಾತೆಯೇ ಆ ಖಳನಾಯಕಿಯೆಂದು ಬಳಗ ಒಮ್ಮತದಿಂದ ಒಪ್ಪಿತ್ತು. ಶಾಂತವಾದ ಸಾಲೇ? ದಂತಬ್ರಹ್ಮ ಫೋಟೋ ತೆರೆದ. ಅಲ್ಲಿ ಅವನ ಅತ್ತೆಯ ಮುತ್ತಿನ ಸಾಲು, ನಾಲ್ಕು ಸಾವಿರ ಜನರ ಮುಂದೆ, ಮಹಾಪಾಪಿಯಾಗಿ ನಿಂತಿತ್ತು.

ಹಾಗಾದರೆ ಡಬ್ಬಿಯಲ್ಲಿ?

"ಅತ್ತೇ, ಹಾಕ್ಕೋಬೇಡಿ!" ಎಂದು ಕೂಗುತ್ತಾ ಅವನು ಓಡುವುದಕ್ಕೂ ಕೋಣೆಯ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಅತ್ತೆ ನಿಂತಿದ್ದರು. ಕರವಸ್ತ್ರ ಕೈಯಲ್ಲಿರಲಿಲ್ಲ. ಅವರು ನಕ್ಕರು. ದಂತಬ್ರಹ್ಮ ಎರಡು ಹೆಜ್ಜೆ ಹಿಂದೆ ಸರಿದ; ಅವನ ಹೆಂಡತಿಯ ಕೈಯಿಂದ ಬಾಚಣಿಗೆ ಬಿತ್ತು.

"ಇದು ಯಾರ ಹಲ್ಲು ರೀ?"

ಬೇರೆ ದಾರಿ ಇರಲಿಲ್ಲ. ಅವನು ಸಿಂಹಾಸನ, ಮುಸುಕು, ಪ್ಲಾಸ್ಟರು, ಎಡ, ಬಲ ಎಲ್ಲ ಹೇಳಿ ತಲೆ ತಗ್ಗಿಸಿದ. ಹೆಂಡತಿ ಬೈಯಲು ಬಾಯಿ ತೆರೆದವಳು ಅದಕ್ಕೂ ಸುಸ್ತಾಗಿ ಕುರ್ಚಿಯಲ್ಲಿ ಕುಸಿದಳು.

"ತಪ್ಪಾಯ್ತು ಅತ್ತೆ," ಎಂದ ಅವನು. "ಇವತ್ತಿಗೆ ಬೇರೆ ಮಾಡೋಕಾಗಲ್ಲ. ನಿಮ್ಮ ಶನಿವಾರ ನಾನೇ ಹಾಳು ಮಾಡಿದೆ."

ಅತ್ತೆ ಕನ್ನಡಿಯ ಹತ್ತಿರ ಹೋಗಿ ಆ ಕಡೆ ಈ ಕಡೆ ತಿರುಗಿ ನೋಡಿದರು. ಹಲ್ಲು ಕಡಿದು ನೋಡಿದರು. ದವಡೆ ಅವರದೇ ಆದ್ದರಿಂದ ಚೂರೂ ಅಲುಗಾಡಲಿಲ್ಲ. "ಗಟ್ಟಿಯಾಗಂತೂ ಕೂತಿದೆ," ಎಂದರು. ಚೀಲ ತೆಗೆದುಕೊಂಡು ಹೊರಟೇಬಿಟ್ಟರು.

ಅದೇ ಮಧ್ಯಾಹ್ನ ಸಿನಿಮಾ ಬಿಡುಗಡೆಯಾಯಿತು. ದಂತಬ್ರಹ್ಮನಿಗೆ ಹೋಗುವ ಮನಸ್ಸು ಬರಲಿಲ್ಲ. ಬಳಗದವರು ನೋಡಿ ಬಂದು ಬರೆದರು: ಮುಸುಕಿನ ಮೂವರು ಅರಮನೆಯ ಅಡುಗೆಯವರಂತೆ! ಒಲೆಯ ಹೊಗೆಗೆ ಮುಸುಕು. ಮೂರನೆಯವನು ಮುಂದೆ ಬಂದು "ದೊರೆಗಳೇ, ಊಟ ತಣ್ಣಗಾಗ್ತಿದೆ" ಎಂದು ಹಲ್ಲು ಕಿರಿದು ಹೋದನಂತೆ. ಹತ್ತು ನಿಮಿಷದಲ್ಲಿ ಊಟದಲ್ಲಿ ವಿಷವಿತ್ತೆಂಬ ಹೊಸ ವಾದ ಹುಟ್ಟಿತು. ದಂತಬ್ರಹ್ಮ ಫೋನನ್ನು ತಲೆಕೆಳಗಾಗಿ ಇಟ್ಟು ಬಾಗಿಲನ್ನೇ ನೋಡುತ್ತಾ ಕೂತ.

ಸಂಜೆ ಅತ್ತೆ ಬಂದರು. ಕೂತವರು ಎದ್ದು ನಿಲ್ಲುವಂಥ ನಡಿಗೆ.

"ನಮ್ಮ ಸೂಪರ್‌ವೈಸರ್ ಬಂದಿದ್ಲು," ಎಂದರು. "ಮೂವತ್ತೊಂದು ವರ್ಷ ಯಾರನ್ನೂ ಬಾಯಿ ಬಿಡೋಕೆ ಬಿಟ್ಟವಳಲ್ಲ. ಇವತ್ತೂ ಮೈಕು ಹಿಡ್ಕೊಂಡೇ ನಿಂತಿದ್ಲು. ನಾನು ಹತ್ತಿರ ಹೋಗಿ ಒಂದು ಸಲ ನಕ್ಕೆ. ಮೈಕು ಕೊಟ್ಟು ಕೂತ್ಲು! ಇಪ್ಪತ್ತು ನಿಮಿಷ ಮಾತಾಡಿದೆ, ಬಾಯಿಗೆ ಕೈ ಅಡ್ಡ ಇಡದೆ. ಒಬ್ಬರೂ ಕೆಮ್ಮಲಿಲ್ಲ."

ದಂತಬ್ರಹ್ಮನಿಗೆ ಹೋದ ಜೀವ ಬಂದ ಹಾಗಾಯಿತು. "ಸೋಮವಾರ ಇದನ್ನ ವಾಪಸ್ ಕೊಡಿ ಅತ್ತೆ, ಮುತ್ತಿನಂಥ ಸೆಟ್ಟು ಮಾಡಿಕೊಡ್ತೀನಿ."

"ಬೇಡ ಅಳಿಯಂದ್ರೇ. ಹತ್ತೊಂಬತ್ತು ವರ್ಷದಿಂದ ನಾನು ಮಾತಾಡಿದಾಗೆಲ್ಲ ನೀವು 'ಹ್ಞೂಂ' ಅಂತ ಬೇರೆಲ್ಲೋ ನೋಡ್ತಿದ್ರಿ. ಇವತ್ತು ಬಂದಾಗಿನಿಂದ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಇದೇ ಇರ್ಲಿ."

ಅವನು ಸಹಾಯ ಬೇಡುವ ಮುಖ ಮಾಡಿ ಹೆಂಡತಿಯ ಕಡೆ ತಿರುಗಿದ. ಅವಳು ಅಮ್ಮನ ಕೋರೆಯನ್ನೇ ಆಸೆಯಿಂದ ನೋಡುತ್ತಿದ್ದಳು.

"ರೀ," ಎಂದಳು, "ನನ್ನವು ಮೂವತ್ತೆರಡೂ ಗಟ್ಟಿಯಾಗೇ ಇವೆ. ಎಲ್ಲ ಕೀಳಿಸಿದ್ರೆ, ಅಂಥದ್ದೇ ಒಂದು ಸೆಟ್ಟು ನನಗೂ ಆಗತ್ತಾ?"