ಕಾರ್ ಶೆಡ್ಡಿನಲ್ಲಿ ಸೊಸೆಗೊಂದು ರೂಮು

ಹೊಸ ಮನೆ ಕಟ್ಟಿದವರನ್ನು ಕೇಳಿದರೆ ಅಳುತ್ತಾರೆ. ಇದ್ದ ಮನೆಗೆ ಒಂದು ರೂಮು ಸೇರಿಸಿದವರನ್ನು ಕೇಳಿ ನೋಡಿ, ನಗುತ್ತಾರೆ. ಅವರಿಗೆ ಅಳುವ ಶಕ್ತಿ ಉಳಿದಿರುವುದಿಲ್ಲ. ಕೊಯಮತ್ತೂರಿನಲ್ಲಿ ನಾನು ನೂಲಿನ ವ್ಯಾಪಾರಕ್ಕೆ ಕೂತು ಮೂವತ್ತು ವರ್ಷ. ಎಳೆಯನ್ನು ಎರಡು ಬೆರಳ ನಡುವೆ ತಿರುವಿ ನೂಲು ನಲವತ್ತನೇ ನಂಬರೋ ಅರವತ್ತೋ ಹೇಳುತ್ತೇನೆ. ನನ್ನ ಹತ್ತಿರ ಯಾರ ಆಟವೂ ನಡೆಯುವುದಿಲ್ಲ ಅಂತ ಊರಿಗೆಲ್ಲ ಗೊತ್ತು. ಎಂಬತ್ತರ ದಶಕದ ನಡುವಿನಲ್ಲಿ ಕಾರ್ ಶೆಡ್ಡನ್ನು ರೂಮು ಮಾಡಲು ಹೊರಟೆ ನೋಡಿ, ಆವಾಗ ಎಲ್ಲರ ಆಟವೂ ನಡೆಯಿತು.

ಮದುವೆ ಯಾರಿಗೆ?

ಮಗನಿಗೆ ಸಿರುಮುಗೈ ಕಡೆಯ ಹುಡುಗಿ ಗೊತ್ತಾಗಿತ್ತು. ನಮ್ಮವರೇ, ಮನೆಯಲ್ಲಿ ಕನ್ನಡ, ಮಗ್ಗದಲ್ಲಿ ರೇಷ್ಮೆ. ದೀಪಾವಳಿ ಮುಗಿದ ವಾರ ಹುಡುಗಿಯ ಅಪ್ಪ ಮನೆ ನೋಡಲು ಬಂದರು. ಇರುವುದು ಒಂದು ಹಾಲು, ಎರಡು ರೂಮು. ಒಂದರಲ್ಲಿ ನಮ್ಮಪ್ಪ. ಇನ್ನೊಂದರಲ್ಲಿ ನೂಲಿನ ಮೂಟೆ; ಮೂಟೆ ಬಿಟ್ಟ ಜಾಗದಲ್ಲಿ ನಾನು.

ಅವರು ಕಾಫಿ ಲೋಟ ಕೆಳಗಿಟ್ಟು ಕೇಳಿದರು: "ಎಲ್ಲಾ ಸರಿ ಅಣ್ಣಾ. ನನ್ನ ಮಗಳು ಎಲ್ಲಿ ಮಲಗೋದು?"

ನಾನು ಬಾಯಿ ತೆಗೆಯುವುದರೊಳಗೆ ನನ್ನ ಹೆಂಡತಿ ಮುಂದೆ ಬಂದಳು. "ಹಾಲಲ್ಲಿ, ನನ್ನ ಪಕ್ಕದಲ್ಲೇ. ಫ್ಯಾನ್ ಕೆಳಗೆ. ನನ್ನ ಮಗಳ ಹಾಗೆ ನೋಡ್ಕೋತೀನಿ."

"ಹುಡುಗ?"

"ಅವನಿಗೇನು, ಮೊದಲಿಂದಲೂ ಮೇಲೆ ಮೊಟ್ಟೆಮಾಡಿ ತಾರಸಿಯಲ್ಲೇ ಮಲಗೋದು. ಗಾಳಿ ಚೆನ್ನಾಗಿ ಬರುತ್ತೆ."

ಅವರು ಛಾವಣಿ ನೋಡಿದರು, ಹಾಲು ನೋಡಿದರು, ನನ್ನ ಹೆಂಡತಿಯನ್ನು ನೋಡಿದರು. "ತಪ್ಪು ತಿಳೀಬೇಡಿ ತಾಯಿ. ಮದುವೆ ನನ್ನ ಮಗಳಿಗೂ ನಿಮ್ಮ ಮಗನಿಗೂ ತಾನೇ?"

ಕಿತ್ತಳೆ ಹಣ್ಣು

ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳೊಳಗೆ ಬೇರೆ ರೂಮು ತಯಾರಾಗಬೇಕು, ಇಲ್ಲದಿದ್ದರೆ ಪೊಳ್ಳಾಚಿಯಿಂದ ಬಂದಿರುವ ಇನ್ನೊಂದು ಜಾತಕ ತೆಗೆಯುತ್ತೇವೆ ಅಂತ ಹೇಳಿ ಅವರು ಬಸ್ಸು ಹತ್ತಿದರು. ಮಗ ಎರಡು ದಿನ ಊಟ ಬಿಟ್ಟ. ಅವನಿಗೆ ಹುಡುಗಿ ಹಿಡಿಸಿದ್ದಳು. ನನಗೆ ಅವಳ ಅಪ್ಪನ ಮಗ್ಗದ ಕೆಲಸ ಹಿಡಿಸಿತ್ತು. ಬೀದಿಗೆ ತಾಗಿ ಕಾರ್ ಶೆಡ್ಡು ಇತ್ತು, ಅದೇ ರೂಮು ಅಂದೆ.

ಶೆಡ್ಡಿನಲ್ಲಿ ಕಾರಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ನಮ್ಮಪ್ಪ ಇದ್ದರು. ಎರಡು ವರ್ಷದಿಂದ ಓಡದ ಕಾರು ಅದು. ಆದರೂ ಊಟವಾದ ಮೇಲೆ ಅವರು ಅದರಲ್ಲಿ ಕೂತು ಪೇಪರು ಓದಿ, ಅದನ್ನೇ ಮುಖದ ಮೇಲೆ ಹಾಕಿಕೊಂಡು ನಿದ್ದೆ ಮಾಡಬೇಕು.

"ಅಪ್ಪಾ, ಸ್ವಲ್ಪ ಇಳೀರಿ. ಕಾರು ಹೊರಗೆ ತಳ್ಳಬೇಕು."

"ತಳ್ಳು. ಕಾರು ಇರೋದು ಕೂತ್ಕೊಳ್ಳೋಕೆ. ಇಳಿಯೋಕೆ ಆಗಿದ್ರೆ ಯಾಕೋ ತಗೋಬೇಕಿತ್ತು?"

ಗೋಡೌನಿನ ನಾಲ್ಕು ಜನ ಆಳುಗಳು ಹಿಂದಿನಿಂದ ತಳ್ಳಿದರು. ಸ್ಟೇರಿಂಗಿಗೆ ನಾನು, ಹಿಂದೆ ಕಣ್ಣು ಮುಚ್ಚಿ ಒರಗಿದ ಅಪ್ಪ. ಕಾರು ಉಸಿರಿಲ್ಲದೆ ಬೀದಿಗೆ ಬಂತು. ಎದುರುಮನೆಯಾಕೆ ನೋಡಿದಳು, ಅವಳ ಪಕ್ಕದಾಕೆ ನೋಡಿದಳು. ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ನಾನು ಬೆವರು ಒರೆಸುವ ಹೊತ್ತಿಗೆ ಹತ್ತು ಹನ್ನೆರಡು ಜನ ಸೇರಿದ್ದರು. "ಯಾವ ಆಸ್ಪತ್ರೆ? ಮೂಟೆ ಹೊರೋ ಟೆಂಪೋ ತರಿಸಲಾ?" ಅಂತ ಒಬ್ಬ. ಯಾರೋ ಆಗಲೇ ಓಡಿ ಹೋಗಿ ಕಿತ್ತಳೆ ಹಣ್ಣು ತಂದಿದ್ದ.

ಅಪ್ಪ ಒಂದು ಕಣ್ಣು ತೆರೆದರು. ಗುಂಪು ನೋಡಿದರು, ಹಣ್ಣು ನೋಡಿದರು.

"ಇನ್ನೂ ಸಮಯ ಇದೆ. ಹಣ್ಣು ಇಟ್ಟು ಹೋಗಿ," ಅಂತ ಹೇಳಿ ಕಿಟಕಿ ಏರಿಸಿಕೊಂಡರು.

ಒಂಬತ್ತಡಿ

ಮೇಸ್ತ್ರಿ ಸೂಲೂರಿನವನು; ಮಾತಿಗೆ ಮರ್ಯಾದೆಯ 'ಈಂಗ' ಹಚ್ಚಿ, ಧಣಿಯನ್ನು ಮೊದಲಾಳಿ ಅನ್ನುವವನು. ಬಂದವನೇ ಟೇಪು ಹಿಡಿದು ಶೆಡ್ಡಿನ ಒಳಗಿನ ಅಗಲ ಅಳೆದ. ಮತ್ತೆ ಅಳೆದ. ಟೇಪು ಮಡಚಿ ಹೊರಗೆ ಬಂದು ಬೀಡಿ ಹಚ್ಚಿದ.

"ಏನಪ್ಪಾ?"

"ಇದು ಆಗೋದಿಲ್ಲೀಂಗ ಮೊದಲಾಳಿ. ಒಂಬತ್ತಡಿ ಇದೆ."

ನಮ್ಮ ಕಡೆ ಮನೆಯಡಿ ಲೆಕ್ಕ ಅಂತ ಒಂದಿದೆ. ರೂಮಿನ ಒಳಗಿನ ಅಳತೆಯ ಒಂದೊಂದು ಅಡಿಗೂ ಒಂದೊಂದು ಫಲ. ಎಂಟಕ್ಕೆ ಭಾಗ್ಯ, ಹತ್ತಕ್ಕೆ ಸಮೃದ್ಧಿ. ನಡುವಿನ ಒಂಬತ್ತಕ್ಕೆ ಆಯುಸ್ಸು ಕಮ್ಮಿ. ಹತ್ತು ಮಾಡೋಣ ಅಂದರೆ ಒಂದು ಪಕ್ಕ ಪಕ್ಕದಮನೆಯವರ ಗೋಡೆ, ಇನ್ನೊಂದು ಪಕ್ಕ ಬಾವಿ. ಹಾಗಾಗಿ ಎಂಟಕ್ಕೆ ಇಳಿಸಬೇಕು. ಎರಡೂ ಗೋಡೆಗೆ ಒಳಗಡೆಯಿಂದ ಅರ್ಧರ್ಧ ಅಡಿ ಇಟ್ಟಿಗೆ, ಗಾರೆ.

ನನಗೆ ರೇಗಿತು. ಇರುವ ಜಾಗವನ್ನು ಇಟ್ಟಿಗೆ ಕೊಟ್ಟು ಚಿಕ್ಕದು ಮಾಡಿಸುವವನು ಎಂಥ ವ್ಯಾಪಾರಿ? ಕೂಗಿದೆ: "ಯೋವ್, ಹದಿನೈದು ವರ್ಷ ಇದೇ ಒಂಬತ್ತಡಿಯಲ್ಲಿ ನನ್ನ ಕಾರು ನಿಂತಿತ್ತು. ಅದಕ್ಕೇನಾಯ್ತು?"

ಮೇಸ್ತ್ರಿ ಬೇವಿನ ಮರದ ಕಡೆ ತಿರುಗಿ ಹೊಗೆ ಬಿಟ್ಟ.

"ಅದಕ್ಕೇ ತಾನೇ ಮೊದಲಾಳಿ, ತಳ್ಳಿಕೊಂಡು ಬಂದಿದ್ದು?"

ಸೋಮವಾರ ರಜೆ

ಎಂಟಡಿಯ ಭಾಗ್ಯ ಸಿಮೆಂಟನ್ನೆಲ್ಲ ನುಂಗಿತು. ಆಗ ಸಿಮೆಂಟು ಪರ್ಮಿಟ್ಟಿಗೆ, ಕೇಳಿದಷ್ಟು ಸಿಗುವುದಿಲ್ಲ. ಪಕ್ಕದ ಗೋಡೆಗಳು ಎದ್ದವು, ಕಿಟಕಿ ಬಂತು, ನೆಲವೂ ಆಯಿತು. ಬೀದಿ ಕಡೆಯ ಮುಂಭಾಗ ಮಾತ್ರ ಬಾಯಿ ತೆರೆದುಕೊಂಡು ನಿಂತಿತು. ಅಷ್ಟರಲ್ಲಿ ಮಾರ್ಗಳಿ, ಅಂದರೆ ಧನುರ್ಮಾಸ, ಹುಟ್ಟಿತು. ಮಾರ್ಗಳಿಯಲ್ಲಿ ಹೊಸ ಗೋಡೆ ಎಬ್ಬಿಸುವುದಿಲ್ಲ ಅಂತ ಮೇಸ್ತ್ರಿ ಕರಣೆ ತೊಳೆದಿಟ್ಟ.

ತಿರುಪ್ಪೂರಿನಲ್ಲಿ ಒಬ್ಬರು ಬನಿಯನ್ ಅಂಗಡಿ ಮುಚ್ಚುತ್ತಿದ್ದರು. ಅವರ ಹಳೆಯ ರೋಲಿಂಗ್ ಷಟರು ಅಗ್ಗಕ್ಕೆ ಸಿಕ್ಕಿತು. ತಂದು ಮುಂಭಾಗಕ್ಕೆ ಕೂರಿಸಿದೆ. ಅಳತೆಗೆ ಸರಿಯಾಗಿ ಕೂತಿತು. ಹೆಂಡತಿ ನೋಡಿ, "ಏನ್ರೀ, ಮಗನ ಸಂಸಾರಕ್ಕೆ ಷಟರಾ?" ಅಂದಳು. "ಇದಕ್ಕೆ ಮಾರ್ಗಳಿ ಇಲ್ಲ," ಅಂದೆ.

ಪೊಂಗಲ್ ಮುಗಿದ ಮಾರನೆಯ ದಿನ ಹುಡುಗಿಯ ಅಪ್ಪ ನೋಡಲು ಬಂದರು. ಮಗ ಕಂಬದ ಹಿಂದೆ ಉಗುರು ಕಚ್ಚುತ್ತಾ ನಿಂತಿದ್ದ. ಅವರು ಷಟರು ಎತ್ತಿದರು, ಗರಗರ ಗರಗರ. ಇಳಿಸಿದರು, ಗರಗರ ಗರಗರ.

"ಅಣ್ಣಾ, ನಾನು ಕೇಳಿದ್ದು ರೂಮು. ಇದು ಅಂಗಡಿ."

"ಮಂಚ ಬೀರು ಓರೆ ಮಾಡದೆ ಒಳಗೆ ಹೋಗೋ ಬಾಗಿಲು ಬೇರೆ ಯಾರ ಮನೇಲಿದೆ ಹೇಳಿ. ಒಳಗೂ ಬೀಗ, ಹೊರಗೂ ಬೀಗ. ನಿಮ್ಮ ಮಗಳ ಒಡವೆಗೆ ಇಷ್ಟು ಭದ್ರ ಪೊಳ್ಳಾಚಿಯವರು ಕೊಡ್ತಾರಾ?"

ಅವರು ತಲೆ ತೂಗುವ ಹಾಗೆ ಕಂಡಿತು. ಆಮೇಲೆ ಕಣ್ಣು ಕಿರಿದು ಮಾಡಿ ಷಟರಿನ ಮೇಲೆ ಬಗ್ಗಿದರು. ಹೊಸ ಬಣ್ಣದ ಕೆಳಗಿನಿಂದ ಹಳೆಯ ಅಂಗಡಿಯ ತಮಿಳು ಅಕ್ಷರ ಇಣುಕುತ್ತಿತ್ತು. ಗಟ್ಟಿಯಾಗಿ ಓದಿದರು: "ಸೋಮವಾರ ರಜೆ."

ಮಗ ಕಂಬಕ್ಕೆ ಹಣೆ ಆನಿಸಿದ. ಸಂಬಂಧ ಕೈ ಬಿಟ್ಟಿತು ಅಂತ ನನಗೂ ಅನ್ನಿಸಿತು. ಆದರೆ ವ್ಯಾಪಾರಿಯ ನಾಲಿಗೆ ಸುಮ್ಮನಿರಬೇಕಲ್ಲ.

"ಹೌದು ಮತ್ತೆ! ವಾರವಿಡೀ ನಮ್ಮನೇಲಿ. ಸೋಮವಾರ ನಿಮ್ಮ ಮಗಳು ತೌರಿಗೆ!"

ಅವರ ಮುಖ ಅರಳಿತು. ಅಲ್ಲಿಯವರೆಗೆ ಅಣ್ಣಾ ಅನ್ನುತ್ತಿದ್ದವರು ನನ್ನ ಕೈ ಹಿಡಿದು, "ಬೀಗರೇ, ಹೀಗೆ ಬರೆದು ಕೊಡೋರು ಯಾರೂ ಸಿಗಲ್ಲ," ಅಂದರು.

ಎಣ್ಣೆ ಬಾಟಲಿ

ಮದುವೆ ಆಯಿತು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಗರಗರ ಗರಗರ ಅಂತ ಷಟರು ಎದ್ದಿತು. ಸೊಸೆ ಎದ್ದಳು ಅಂತ ಬೀದಿಗೆಲ್ಲ ತಿಳಿಯಿತು. ಮೈಗೆ ಅರಿಸಿನ, ಮುಡಿಗೆ ಹೂವು. ಅವಳು ಸ್ನಾನ ಮುಗಿಸಿ ರಂಗೋಲಿ ಹಿಟ್ಟಿನ ಡಬ್ಬಿ ಹಿಡಿದು ಮುಂದೆ ಬಂದಳು. ನಾನು ಬೆರಳಲ್ಲಿ ಹಲ್ಲುಪುಡಿ ಹಿಡಿದು ಬಾವಿಯ ಹತ್ತಿರ ನಿಂತಿದ್ದೆ.

ಹಿಂದಿನ ಬೀದಿಯ ಒಬ್ಬ ಹೆಂಗಸು ಖಾಲಿ ಬಾಟಲಿ ಹಿಡಿದು ಬಂದು ನಿಂತಳು. "ಹೊಸ ಅಂಗಡೀನಾ ಅಮ್ಮಾ? ನಲ್ಲೆಣ್ಣೆ ಇದೆಯಾ?"

ಬೇರೆ ಯಾವ ಮದುಮಗಳಾದರೂ ನಾಚಿ ಒಳಗೆ ಓಡುತ್ತಿದ್ದಳು. ಇವಳು ಡಬ್ಬಿ ಕೆಳಗಿಟ್ಟಳು.

"ಎಣ್ಣೆ ಇಲ್ಲ ಅಕ್ಕಾ. ಸಿರುಮುಗೈ ಸೀರೆ ಇದೆ. ಬನ್ನಿ, ಕೂತ್ಕೊಳ್ಳಿ."

ತೌರಿನ ಸೀರೆ ತುಂಬಿದ್ದ ಬೀರು ತೆರೆಯಿತು. ಮಂಚದ ಮೇಲೆ ಸೀರೆ ಹರಡಿದವು. ಮಗ ಹೊದಿಕೆಯ ಸಮೇತ ಎದ್ದು ಬಾಗಿಲಾಚೆ ಬಂದು, ನನ್ನ ಪಕ್ಕ ನಿಂತು ಕಣ್ಣುಜ್ಜಿಕೊಂಡ. ಒಳಗಿನಿಂದ ಸೊಸೆಯ ಮಾತು: "ಈಗಲೇ ತಗೊಳ್ಳಿ ಅಂತ ಯಾರು ಹೇಳಿದ್ರು ಅಕ್ಕಾ? ಮನೆಗೆ ಒಯ್ದು ಉಟ್ಟು ನೋಡಿ. ಹಿಡಿಸದಿದ್ರೆ ವಾಪಸ್ ತನ್ನಿ."

ಮನೆಗೆ ಹೋದ ಸರಕು ವಾಪಸ್ ಬರುವುದಿಲ್ಲ. ಈ ಪಾಠ ಕಲಿಯಲು ನನಗೆ ಹತ್ತು ವರ್ಷ ಹಿಡಿದಿತ್ತು. ಆ ಹೆಂಗಸು ಸೀರೆ ಕಂಕುಳಲ್ಲಿಟ್ಟು ಹೊರಟಳು. ಬಾಟಲಿ ಮರೆತು ಹೋದಳು. ಮಧ್ಯಾಹ್ನ ಬಾಟಲಿ ಕೇಳಲು ಬಂದಾಗ ಜೊತೆಗೆ ನಾಲ್ವರನ್ನು ಕರೆತಂದಳು.

ಸೋಮವಾರ ಸೊಸೆ ತೌರಿಗೆ ಹೋದಳು. ಮಂಗಳವಾರ ಎರಡು ಗಂಟು ಸೀರೆಯೊಂದಿಗೆ ಬಂದಳು. ಮುಂದಿನ ವಾರ ನಾಲ್ಕು ಗಂಟು. ಬೀಗರು ತಾವೇ ಹೊತ್ತು ತಂದು ಇಳಿಸಿ, ರೂಮಿನ ಸುತ್ತ ಕಣ್ಣಾಡಿಸಿ, "ಎಂಟಡಿ ಸಾಲದು ಬೀಗರೇ," ಅಂದರು. ಸೊಸೆ ನನ್ನನ್ನು ಸೀರೆ ಮಡಚಲು ಕೂರಿಸಿದ್ದಳು.

ತಿಂಗಳು ತುಂಬುವ ಹೊತ್ತಿಗೆ ಒಂದು ಸಂಜೆ ಮಗ ಕೆಲಸದಿಂದ ಬಂದ. ಮಂಚದ ಮೇಲೆ ಏಳು ಜನ ಹೆಂಗಸರು, ನೆಲದ ಮೇಲೆ ಮೂವರು. ಒಬ್ಬಾಕೆ ಅವನನ್ನು ನೋಡಿ, "ತಮ್ಮಾ, ಆ ಮೇಲಿನ ಹಸಿರು ತೆಗೆದು ಕೊಡು," ಅಂದಳು. ತೆಗೆದು ಕೊಟ್ಟ. ಕೈಯಲ್ಲಿ ಟಿಫಿನ್ ಕ್ಯಾರಿಯರು ಹಿಡಿದೇ ಹಾಲಿಗೆ ಬಂದು ನನ್ನ ಮುಂದೆ ನಿಂತು, ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಕೇಳಿದ:

"ಅಪ್ಪಾ, ನಮಗೊಂದು ರೂಮು ಬೇಕು."